ಕಿವಿಗೊಟ್ಟರೆ ಹೇಳುವ ಬಂಡಿ



ಮೊದಲು ಒಂದು ಸದ್ದನ್ನು ನೆನಪು ಮಾಡಿಕೊಳ್ಳಿ. ಬೆಳಗಿನ ಆರು ಗಂಟೆ. ಹೊಸಪೇಟೆಯ ಯಾವುದೋ ಒಂದು ಓಣಿ. ಯಾರೋ ಚಾವಿ ತಿರುಗಿಸುತ್ತಾರೆ. ಕರಕರ ಅಂತ ಸ್ಟಾರ್ಟರ್ ಎರಡು ಸುತ್ತು ತಿರುಗುತ್ತದೆ. ಇಡೀ ಬಂಡಿ ಮಳೆಯಲ್ಲಿ ನೆಂದ ಎತ್ತಿನ ಹಾಗೆ ಒಮ್ಮೆ ಮೈ ಕೊಡವುತ್ತದೆ. ಆಮೇಲೆ ಟಕಟಕ, ಟಕಟಕ ಅನ್ನುವ ಒಂದೇ ಲಯ. ಮಲಗಿದವರಿಗೂ ಗೊತ್ತಾಗುತ್ತದೆ, ಅದು ಹಳೇ ಬೊಲೆರೊ ಅಂತ.

ಇವತ್ತು ನಾನು ಮಾತಾಡುವುದು ಈ ಬಂಡಿಯ ಬಗ್ಗೆ. ಅದರಲ್ಲೂ ಹತ್ತಿಪ್ಪತ್ತು ವರ್ಷ ಓಡಿದ, ಕೈಗೆಟುಕುವ ಬೆಲೆಗೆ ಸಿಗುವ ಹಳೇ ಬೊಲೆರೊ ಬಗ್ಗೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಈ ನಾಲ್ಕೂ ಕಡೆ ಅದು ಇನ್ನೂ ದುಡಿಯುತ್ತಿದೆ. ಅದು ಗಟ್ಟಿ ಬಂಡಿ ಅಂತ ಎಲ್ಲರೂ ಹೇಳುತ್ತಾರೆ. ಗಟ್ಟಿ ಅಂದರೆ ಏನು? ಕೆಡುವುದೇ ಇಲ್ಲವೆ? ಖಂಡಿತ ಕೆಡುತ್ತದೆ. ಆದರೆ ಕೆಡುವ ಮೊದಲು ಬಾಯಿಬಿಟ್ಟು ಹೇಳುತ್ತದೆ. ಹೇಳಿದ್ದು ಕೇಳಿಸಿಕೊಂಡರೆ ನಮ್ಮೂರಿನ ಗ್ಯಾರೇಜಿನಲ್ಲೇ, ನಾಲ್ಕು ಪಾನಾ ಒಂದು ಜಾಕ್‌ನಲ್ಲಿ ಸರಿಯಾಗುತ್ತದೆ. ನಾನು ಗಟ್ಟಿತನ ಅನ್ನುವುದು ಇದನ್ನೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ಇಲ್ಲಿ ತುಂಗಭದ್ರೆಗೆ ಅಣೆಕಟ್ಟು ಏಳುತ್ತಿದ್ದ ದಿನಗಳು. ಅದೇ ಕಾಲಕ್ಕೆ, 1947ರಲ್ಲಿ, ಮುಂಬಯಿಯಲ್ಲಿ ಮಹೀಂದ್ರಾ ಕಂಪನಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿತು. ಆ ಜೀಪಿನ ಸಂತತಿ ಬೆಳೆಯುತ್ತ ಬಂತು. 2000ನೇ ಇಸವಿಯಲ್ಲಿ ಬೊಲೆರೊ ಬಂತು. ಅದಕ್ಕೂ ಮೊದಲು, 1994ರಲ್ಲಿ, ಟಾಟಾ ಸುಮೊ ಬಂದಿತ್ತು. ಸುಮಂತ್ ಮೂಳಗಾಂವಕರ್ ಅನ್ನುವ ಹಿರಿಯ ಎಂಜಿನಿಯರರ ಹೆಸರಿನ ಮೊದಲಕ್ಷರಗಳೇ ಸುಮೊ. ನಮ್ಮದೇ ರಾಜ್ಯದ ಬಿಡದಿಯಲ್ಲಿ ತಯಾರಾದ ಟೊಯೊಟಾ ಕ್ವಾಲಿಸ್ ಕೂಡ 2000ದಲ್ಲೇ ರಸ್ತೆಗಿಳಿಯಿತು. 2005ಕ್ಕೆ ಅದು ನಿಂತಿತು. ಸುಮೊ 2019ಕ್ಕೆ ನಿಂತಿತು. ಬೊಲೆರೊ ಮಾತ್ರ ಎಂಜಿನ್ ಬದಲಿಸಿಕೊಂಡು, ಮೂತಿ ಬದಲಿಸಿಕೊಂಡು ಮುಂದುವರಿಯಿತು.

ನಮ್ಮ ಭಾಗದಲ್ಲಿ ಅದು ಹೆಚ್ಚಿದ್ದು ಗಣಿಯ ಕಾಲದಲ್ಲಿ. ಸಂಡೂರಿನ ಗುಡ್ಡಗಳ ಅದಿರಿಗೆ ಹೊರದೇಶದಲ್ಲಿ ಬೆಲೆ ಏರಿದ ವರ್ಷಗಳು ನಿಮಗೆ ನೆನಪಿರಬೇಕು. ರಸ್ತೆ ತುಂಬ ಲಾರಿ. ಲಾರಿಗಳ ನಡುವೆ ಬೊಲೆರೊ. ಗಣಿಯ ಮ್ಯಾನೇಜರಿಗೂ ಅದೇ, ಊಟದ ಡಬ್ಬಿ ಒಯ್ಯುವವನಿಗೂ ಅದೇ. 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಓಡುತ್ತಿದ್ದ ಬಂಡಿಗಳು ಅಂಗಳದಲ್ಲಿ ನಿಂತವು. ಎಷ್ಟೋ ಮನೆಗಳಲ್ಲಿ ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಆ ನೋವು ಕಂಡವರು ನಾವು. ನಾನು 2007ರ ಮಾಡೆಲ್ ಬೊಲೆರೊ ಒಂದನ್ನು ಕೊಂಡಿದ್ದು ಆ ಮರುವರ್ಷ. ಮಾರಿದ ಹುಡುಗ ಚಾವಿ ಕೊಡುವಾಗ ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿದ. ಏನೂ ಮಾತಾಡಲಿಲ್ಲ.

ಹಾಗಾದರೆ ಬಂಡಿಯ ಕೆಳಗೆ ಏನಿದೆ? ಅಲ್ಲಿಂದ ಶುರು ಮಾಡೋಣ.

ಒಂದು ಮರದ ಏಣಿಯನ್ನು ನೆಲದ ಮೇಲೆ ಮಲಗಿಸಿದ್ದೀರಿ ಅಂದುಕೊಳ್ಳಿ. ಎರಡು ಉದ್ದನೆಯ ಕಾಲು, ನಡುವೆ ಅಡ್ಡ ಮೆಟ್ಟಿಲು. ಅದನ್ನೇ ದಪ್ಪ ಉಕ್ಕಿನಲ್ಲಿ ಮಾಡಿದರೆ ಬೊಲೆರೊದ ಚಾಸಿ ಆಯಿತು. ಎಂಜಿನ್ ಕೂರುವುದು ಇದರ ಮೇಲೆ. ಗೇರ್ ಬಾಕ್ಸ್ ತೂಗುವುದು ಇದಕ್ಕೆ. ನಾವು ಕೂರುವ ಡಬ್ಬಿ, ಅಂದರೆ ಬಾಡಿ, ಇದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ್ದು. ನಡುವೆ ರಬ್ಬರಿನ ಬುಶ್. ಈಗಿನ ಸಣ್ಣ ಕಾರುಗಳಲ್ಲಿ ಹೀಗಿಲ್ಲ. ಅಲ್ಲಿ ಡಬ್ಬಿಯೇ ಚಾಸಿ. ಬಂಡೆಗೆ ತಗುಲಿ ಡಬ್ಬಿ ಸೊಟ್ಟಗಾದರೆ ಚಕ್ರದ ಸಾಲೂ ತಪ್ಪಬಹುದು. ಬೊಲೆರೊದಲ್ಲಿ ಬಾಗಿಲು ನಗ್ಗಿದರೆ ಬಾಗಿಲು ನಗ್ಗಿತು, ಅಷ್ಟೆ. ಏಣಿ ಹಾಗೇ ಇರುತ್ತದೆ.

ಆದರೆ ಏಣಿಗೂ ತುಕ್ಕು ಹಿಡಿಯುತ್ತದೆ. ಮೇಲೆ ಕಪ್ಪು ಬಣ್ಣ ಬಳಿದರೆ ಕಣ್ಣಿಗೆ ಕಾಣಿಸುವುದಿಲ್ಲ. ಕಿವಿಗೆ ಕೇಳಿಸುತ್ತದೆ. ಹಂಪಿಯ ವಿಜಯವಿಠ್ಠಲ ಗುಡಿಯಲ್ಲಿ ಸ್ವರ ಹೊಮ್ಮಿಸುವ ಕಂಬಗಳಿವೆ. ಈಗ ಅವನ್ನು ಬಡಿಯುವಂತಿಲ್ಲ. ಬಡಿಯಲೂ ಬಾರದು. ಬಂಡಿಯ ಏಣಿಯನ್ನು ಮಾತ್ರ ಧಾರಾಳವಾಗಿ ಬಡಿಯಬಹುದು. ಹಳೇ ಬಂಡಿ ಕೊಳ್ಳುವಾಗ ಸಣ್ಣ ಪಾನಾ ಹಿಡಿದು ಕೆಳಗೆ ನುಗ್ಗಿ. ಮುಂದಿನಿಂದ ಹಿಂದಿನವರೆಗೆ ಗೇಣಿಗೊಂದು ಪೆಟ್ಟು ಕೊಡುತ್ತ ಹೋಗಿ. ಗಟ್ಟಿ ಉಕ್ಕು ಠಣ್ ಅನ್ನುತ್ತದೆ. ಒಳಗೆ ತುಕ್ಕು ತಿಂದ ಜಾಗ, ಪಟ್ಟಿ ಹಾಕಿ ಮುಚ್ಚಿದ ಜಾಗ ದಬ್ ಅನ್ನುತ್ತದೆ. ಹಿಂಚಕ್ರದ ಮೇಲ್ಭಾಗ ಬಾಗಿರುವಲ್ಲಿ ಎರಡು ಪೆಟ್ಟು ಹೆಚ್ಚು ಕೊಡಿ. ಮಣ್ಣು ಕೂತು ತೇವ ಹಿಡಿಯುವುದು ಅಲ್ಲಿ. ದಬ್ ಅಂದರೆ ಆ ಬಂಡಿ ಬಿಟ್ಟುಬಿಡಿ. ಎಂಜಿನ್ ಬದಲಿಸಬಹುದು, ಕೊಳೆತ ಏಣಿಯನ್ನು ಬದಲಿಸುವ ಕಷ್ಟಕ್ಕೆ ಹೋಗಬೇಡಿ.

ಚಾಸಿಯ ಮಾತಾಯಿತು. ಅದು ಮಲಗಿಸಿದ ಏಣಿ, ಅದನ್ನು ಬಡಿದು ಕೇಳಬೇಕು. ಇನ್ನು ಆ ಏಣಿಯನ್ನು ಹೊತ್ತಿರುವ ಪಟ್ಟಿಗಳಿಗೆ ಬರೋಣ.

ಹೊಸಪೇಟೆ ರೈಲ್ವೆ ನಿಲ್ದಾಣದ ಮುಂದೆ ಜಟಕಾ ಬಂಡಿ ಹತ್ತಿದ ಹಿರಿಯರು ಇದನ್ನು ಕೇಳುತ್ತಿರಬಹುದು. ಜಟಕಾದ ಅಡಿಯಲ್ಲಿ ಬಿಲ್ಲಿನ ಹಾಗೆ ಬಾಗಿದ ಕಬ್ಬಿಣದ ಪಟ್ಟಿಗಳ ಕಟ್ಟು ಇರುತ್ತಿತ್ತು. ಬೊಲೆರೊದ ಹಿಂಭಾಗದಲ್ಲಿ ಇರುವುದೂ ಅದೇ. ಉದ್ದ ಪಟ್ಟಿ ಮೇಲೆ, ಅದರ ಕೆಳಗೆ ಗಿಡ್ಡ, ಅದರ ಕೆಳಗೆ ಇನ್ನೂ ಗಿಡ್ಡ. ಗ್ಯಾರೇಜಿನಲ್ಲಿ ಪ್ಲೇಟ್ ಅನ್ನುತ್ತಾರೆ. ಭಾರ ಬಿದ್ದಾಗ ಪಟ್ಟಿಗಳು ನೆಟ್ಟಗಾಗುತ್ತವೆ. ಒಂದರ ಮೇಲೊಂದು ಉಜ್ಜಿಕೊಂಡು ಕುಲುಕಾಟವನ್ನು ನುಂಗುತ್ತವೆ. ಖಾಲಿ ಬಂಡಿಯಲ್ಲಿ ಹಿಂದೆ ಕೂತರೆ ಹೊಟ್ಟೆಯೊಳಗಿನ ನೀರೂ ಅಲುಗುತ್ತದೆ, ನಿಜ. ಆರೇಳು ಮಂದಿ ಕೂತು, ಎರಡು ಚೀಲ ಸೋನಾ ಮಸೂರಿ ಹಾಕಿದ ಮೇಲೆ ನೋಡಿ. ಆಗ ಬಂಡಿ ಸಮಾಧಾನಕ್ಕೆ ಬರುತ್ತದೆ. ಅದನ್ನು ಮಾಡಿರುವುದೇ ಹೊರೆಗೆ.

ಕಂಪ್ಲಿ ಕಡೆಯ ರೈತರು ಈ ಬಂಡಿಯನ್ನು ಬಿಡದಿರುವುದಕ್ಕೆ ಈ ಪಟ್ಟಿಗಳೇ ದೊಡ್ಡ ಕಾರಣ ಅಂತ ನನ್ನ ಲೆಕ್ಕ. ಒಂದು ಪಟ್ಟಿ ಮುರಿದರೂ ಉಳಿದವು ಹೊರುತ್ತವೆ. ಬಂಡಿ ಒಂದು ಪಕ್ಕ ವಾಲಿಕೊಂಡು ಮೆಲ್ಲಗೆ ಊರು ಸೇರುತ್ತದೆ. ಮರುದಿನ ಕಟ್ಟು ಬಿಚ್ಚಿ, ಮುರಿದ ಒಂದೇ ಪಟ್ಟಿ ಬದಲಿಸಿ, ಮತ್ತೆ ಕಟ್ಟಬಹುದು. ಪಟ್ಟಿ ಕೂಡ ಮಾತಾಡುತ್ತದೆ. ಹಳ್ಳ ದಿಣ್ಣೆ ಹಾಯುವಾಗ ಕಿರ್ ಕಿರ್ ಅಂದರೆ ಬುಶ್ ಒಣಗಿದೆ ಅಂತ. ಪ್ರತಿ ಹಳ್ಳಕ್ಕೂ ಟಕ್ ಅಂತ ಒಂದೇ ಪೆಟ್ಟು ಕೇಳಿದರೆ ಪಟ್ಟಿ ಮುರಿದಿದೆ, ಇಲ್ಲವೆ ಬೋಲ್ಟ್ ಸಡಿಲಾಗಿದೆ ಅಂತ.

ಏಣಿ ನೋಡಿದೆವು, ಪಟ್ಟಿ ನೋಡಿದೆವು. ಈಗ ಎಂಜಿನ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಗಣಿ ಕಾಲದ ಬೊಲೆರೊಗಳಲ್ಲಿ ಹೆಚ್ಚಾಗಿ ಇದ್ದದ್ದು ಎರಡೂವರೆ ಲೀಟರಿನ, ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್. ಬಲ ಸುಮಾರು 63 ಅಶ್ವಶಕ್ತಿ. ಇವತ್ತಿನ ಲೆಕ್ಕದಲ್ಲಿ ಇದು ಬಹಳ ಕಡಿಮೆ. ಇದರ ಅರ್ಧದಷ್ಟು ಗಾತ್ರದ ಎಂಜಿನ್ನಿರುವ ಸಣ್ಣ ಕಾರುಗಳಿಗೂ ಇದಕ್ಕಿಂತ ಹೆಚ್ಚು ಅಶ್ವಶಕ್ತಿ ಇದೆ. ಹಾಗಾದರೆ ಈ ಬಂಡಿ ಸಂಡೂರಿನ ಏರನ್ನು ಹೇಗೆ ಹತ್ತುತ್ತದೆ?

ಉತ್ತರ ಇರುವುದು ಎಳೆತದಲ್ಲಿ. ಅಶ್ವಶಕ್ತಿ ಎಷ್ಟು ಬೇಗ ಕೆಲಸ ಮುಗಿಯುತ್ತದೆ ಅನ್ನುವ ಲೆಕ್ಕ. ಎಳೆತ ಅಂದರೆ ಚಕ್ರವನ್ನು ತಿರುಚುವ ಬಲ. ಕುದುರೆಗೂ ಎತ್ತಿಗೂ ಇರುವ ವ್ಯತ್ಯಾಸ ಅಂದುಕೊಳ್ಳಿ. ಈ ಎಂಜಿನ್ ತನ್ನ ಪೂರ್ತಿ ಎಳೆತವನ್ನು ನಿಮಿಷಕ್ಕೆ ಸುಮಾರು 1500 ಸುತ್ತಿನಲ್ಲೇ ಕೊಟ್ಟುಬಿಡುತ್ತದೆ. ಪೆಟ್ರೋಲ್ ಕಾರಿನಲ್ಲಿ ಆ ಮಟ್ಟದ ಎಳೆತ ಬೇಕಾದರೆ ಎಂಜಿನ್ನನ್ನು ಅರಚಿಸಬೇಕು. ಇದಕ್ಕೆ ಒಂದು ಕಾರಣ ಸಿಲಿಂಡರಿನ ಅಳತೆಯಲ್ಲಿದೆ. ಒಂದೊಂದು ಸಿಲಿಂಡರಿನ ಬಾಯಿ ಮೂರೂವರೆ ಅಂಗುಲ. ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ ನಾಲ್ಕು ಅಂಗುಲ. ಬಾಯಿಗಿಂತ ಓಟ ಉದ್ದ. ರಾಟೆಯ ಹಿಡಿ ಉದ್ದವಾದಷ್ಟೂ ತಿರುಗಿಸುವುದು ಹಗುರ, ಆದರೆ ಸುತ್ತು ನಿಧಾನ. ಇಲ್ಲಿಯೂ ಹಾಗೆಯೇ. ಟ್ರ್ಯಾಕ್ಟರಿನ ಸ್ವಭಾವ ಇದು. ಗದ್ದೆಯ ಬದುವಿನ ಮೇಲೆ ಎರಡನೇ ಗೇರಿನಲ್ಲಿ, ಆಕ್ಸಲರೇಟರ್ ಮೇಲೆ ಕಾಲಿಡದೆಯೂ ಅದು ನಡೆದುಕೊಂಡು ಹೋಗುತ್ತದೆ.

ಇನ್ನೊಂದು ವಿಷಯ. 2010ರ ಆಸುಪಾಸಿಗೆ ಮೊದಲಿನ ಬಂಡಿಗಳಲ್ಲಿ ಡೀಸೆಲ್ ಚಿಮ್ಮಿಸುವುದು ಯಾಂತ್ರಿಕ ಪಂಪು. ಆಮೇಲಿನವಕ್ಕೆ ಕಾಮನ್ ರೈಲ್ ಬಂತು, ಕಂಪ್ಯೂಟರ್ ಬಂತು. ಹೊಗೆ ಕಡಿಮೆಯಾಯಿತು, ಅದು ಊರಿಗೆ ಒಳ್ಳೆಯದು. ಆದರೆ ಹಳೇ ಪಂಪಿನ ಬಂಡಿಯನ್ನು ಅರಿತ ಮೆಕ್ಯಾನಿಕ್ ಕಿವಿಯಿಂದಲೇ ಪರೀಕ್ಷೆ ಮಾಡುತ್ತಾನೆ. ಒಂದೊಂದೇ ನಾಝಲ್ಲಿನ ಪೈಪು ಸಡಿಲಿಸುತ್ತಾನೆ. ಯಾವುದನ್ನು ಸಡಿಲಿಸಿದರೂ ಎಂಜಿನ್ನಿನ ಲಯ ಕುಗ್ಗಬೇಕು. ಯಾವುದಕ್ಕೆ ಕುಗ್ಗುವುದಿಲ್ಲವೋ ಆ ಸಿಲಿಂಡರ್ ದುಡಿಯುತ್ತಿಲ್ಲ. ನಾಲ್ವರು ಸೇರಿ ಹಗ್ಗ ಎಳೆಯುವಾಗ ಯಾರು ಬರೀ ಕೈ ಹಿಡಿದು ನಿಂತಿದ್ದಾರೆ ಅಂತ ಕಂಡುಹಿಡಿದ ಹಾಗೆ. ಯಾವ ಯಂತ್ರವೂ ಬೇಡ.

ಕೇಳುಗರೇ, ಇಲ್ಲಿಯವರೆಗೆ ಹೇಳಿದ್ದು ಬಂಡಿಯ ಬಲದ ಮಾತು. ಏಣಿ ಹೊರುತ್ತದೆ, ಪಟ್ಟಿ ತಡೆಯುತ್ತದೆ, ಎಂಜಿನ್ ಎಳೆಯುತ್ತದೆ. ಇನ್ನು ಅದರ ಶತ್ರುಗಳ ಮಾತು. ನಮ್ಮ ನೆಲದಲ್ಲಿ ಮೊದಲ ಶತ್ರು ಧೂಳು.

ಒಂದು ಲೆಕ್ಕ ಹೇಳುತ್ತೇನೆ. ಎರಡೂವರೆ ಲೀಟರಿನ ಈ ಎಂಜಿನ್ ಎರಡು ಸುತ್ತಿಗೊಮ್ಮೆ ಅಷ್ಟು ಗಾಳಿ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 2000 ಸುತ್ತು ಅಂದರೆ ನಿಮಿಷಕ್ಕೆ ಸುಮಾರು 2500 ಲೀಟರ್ ಗಾಳಿ. ದೊಡ್ಡ ಡೀಸೆಲ್ ಡ್ರಮ್ಮಿನ ಅಳತೆಯಲ್ಲಿ ಹನ್ನೆರಡು ಡ್ರಮ್ಮು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದ್ದರೆ ಇನ್ನೂ ಹೆಚ್ಚು. ಹೊಸಪೇಟೆಯಿಂದ ಸಂಡೂರಿಗೆ ಸುಮಾರು 30 ಕಿಲೊಮೀಟರ್. ಮುಕ್ಕಾಲು ಗಂಟೆಯ ದಾರಿ. ಅಷ್ಟರಲ್ಲಿ ಎಷ್ಟು ಗಾಳಿ ಒಳಗೆ ಹೋಯಿತು ನೀವೇ ಗುಣಿಸಿ. ಅದರಲ್ಲಿ ಬರುವುದು ಬರೀ ಮಣ್ಣಿನ ಧೂಳಲ್ಲ, ಅದಿರಿನ ಧೂಳು. ಕೆಂಪು ಅದಿರಿನ ಕಣ ಸಾಧಾರಣ ಚಾಕುವಿನ ಅಲಗಿನಷ್ಟೇ ಗಟ್ಟಿ. ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಇರುವ ಆಯಿಲ್ ಪದರ ಕೂದಲೆಳೆಗಿಂತ ತೆಳು. ಆ ಸಂದಿಗೆ ಈ ಕಣ ಹೊಕ್ಕರೆ ಸಾಣೆ ಹಿಡಿದ ಹಾಗೆ ಕೆರೆಯುತ್ತದೆ.

ನನಗೆ ಇದು ಅನುಭವದಿಂದ ಗೊತ್ತಾಯಿತು. ಕೊಂಡ ಮೊದಲ ಬೇಸಿಗೆಯಲ್ಲಿ ದಿನಾ ಸಂಡೂರಿಗೆ ಓಡಾಟ. ದಾರಿಯ ಏರಿನಲ್ಲಿ ಬಂಡಿ ಮುಗ್ಗರಿಸತೊಡಗಿತು. ಹಿಂದೆ ಕಪ್ಪು ಹೊಗೆ. ನಾನು ಪಂಪು ಹೋಯಿತು ಅಂದುಕೊಂಡೆ. ದೊಡ್ಡ ಖರ್ಚಿಗೆ ಮನಸ್ಸು ಗಟ್ಟಿ ಮಾಡಿಕೊಂಡು ಹೊಸಪೇಟೆಯ ಗ್ಯಾರೇಜಿಗೆ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್‌ರನ್ನು ನಾವೆಲ್ಲ ಚಾಚಾ ಅನ್ನುತ್ತೇವೆ. ಅವರು ಬಾನೆಟ್ ಎತ್ತಿ ಪಂಪಿನ ಕಡೆ ನೋಡಲೇ ಇಲ್ಲ. ಏರ್ ಫಿಲ್ಟರಿನ ಮುಚ್ಚಳ ಬಿಚ್ಚಿದರು. ಫಿಲ್ಟರನ್ನು ನೆಲದ ಮೇಲೆ ಮೆಲ್ಲಗೆ ತಟ್ಟಿದರು. ಒಂದು ಬೊಗಸೆ ಕೆಂಪು ಪುಡಿ ಬಿತ್ತು.

“ಇದು ಗಾಡಿ ಮೂಗು ಐತ್ರಿ ಸಾರ್. ಮೂಗು ಮುಚ್ಚಿ ಗುಡ್ಡ ಹತ್ತು ಅಂದ್ರ ಯಾರು ಹತ್ತ್ಯಾರ?” ಅಂದರು.

“ಹಂಗಾದ್ರ ಪಂಪು ಚಲೋ ಐತಾ ಚಾಚಾ?”

“ಪಂಪಿಗೆ ಏನಾಗಿಲ್ರಿ. ನೀವು ಅದರ ಮಾತು ಕೇಳಿಲ್ಲ, ಅಷ್ಟ.”

ಆ ಮಾತು ನನ್ನೊಳಗೆ ಉಳಿಯಿತು. ಅವತ್ತಿನಿಂದ ಸಂಡೂರು ದಾರಿಯಲ್ಲಿ ಓಡುವ ದಿನಗಳಲ್ಲಿ ವಾರಕ್ಕೊಮ್ಮೆ ಫಿಲ್ಟರ್ ತೆಗೆಯುತ್ತೇನೆ. ಗಾಳಿ ಹೊಡೆಯುವುದು ಒಳಗಿನಿಂದ ಹೊರಕ್ಕೆ. ಹೊರಗಿನಿಂದ ಹೊಡೆದರೆ ಧೂಳು ಕಾಗದದ ಮಡಿಕೆಯೊಳಗೆ ಇನ್ನೂ ಆಳಕ್ಕೆ ಕೂರುತ್ತದೆ. ಕಾಗದ ಹರಿದಿದ್ದರೆ ತೇಪೆ ಹಾಕಬೇಡಿ, ಎಸೆದು ಹೊಸದು ಹಾಕಿ. ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಪೈಪಿನ ಮೇಲೂ ಕೈಯಾಡಿಸಿ. ಅಲ್ಲಿ ಒಂದು ಬಿರುಕಿದ್ದರೆ ಧೂಳು ಫಿಲ್ಟರಿನ ಗೊಡವೆಯಿಲ್ಲದೆ ನೇರ ಒಳಗೆ ಹೋಗುತ್ತದೆ. ಟರ್ಬೊ ದಾಟಿದ ಮೇಲಿನ ಪೈಪು ಬಿರಿದರೆ ಏರಿನಲ್ಲಿ ಉಸ್ ಅನ್ನುವ ಸದ್ದು ಬರುತ್ತದೆ, ಜೊತೆಗೆ ಕಪ್ಪು ಹೊಗೆ. ಗುಡ್ಡ ಹತ್ತಿ ಬಂದ ಕೂಡಲೇ ಎಂಜಿನ್ ಆರಿಸಲೂಬೇಡಿ. ಟರ್ಬೊದೊಳಗಿನ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವಂಥದ್ದು. ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟರೆ ಆಯಿಲ್ ಹರಿದು ಅದು ತಣ್ಣಗಾಗುತ್ತದೆ.

ಕಪ್ಪು ಹೊಗೆ ಉಸಿರು ಕಟ್ಟಿದ್ದರ ಗುರುತು, ಅಥವಾ ಡೀಸೆಲ್ ಹೆಚ್ಚಾದದ್ದರ ಗುರುತು. ಇದು ಗುಣವಾಗುವ ರೋಗ. ನೀಲಿ ಹೊಗೆ ಹಾಗಲ್ಲ. ಅದು ಆಯಿಲ್ ಸುಡುವ ಹೊಗೆ. ಧೂಳು ತನ್ನ ಕೆಲಸ ಮುಗಿಸಿದೆ ಅಂತ. ಹಳೇ ಬಂಡಿ ನೋಡಲು ಹೋದಾಗ ಮೊದಲು ಬಾನೆಟ್ ಮೇಲೆ ಕೈ ಇಡಿ. ಬಿಸಿಯಿದ್ದರೆ ಮಾರುವವರು ಆಗಲೇ ಓಡಿಸಿ ಇಟ್ಟಿದ್ದಾರೆ. ಇನ್ನೊಂದು ದಿನ ಬೆಳಗ್ಗೆ ಬನ್ನಿ. ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ. ಸ್ಟಾರ್ಟ್ ಮಾಡಿ, ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಬುಸ್ ಬುಸ್ ಅಂತ ಹೊಗೆ ಉಕ್ಕಿದರೆ ರಿಂಗುಗಳು ಸವೆದಿವೆ. ಕಾಗದ ಪತ್ರದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ತೀರಿದ ನಮೂದು ಇದೆಯೇ ನೋಡಿ. ಖಾಸಗಿ ಬಂಡಿಗೆ 15 ವರ್ಷ ತುಂಬಿದ್ದರೆ ನೋಂದಣಿ ನವೀಕರಣವಾಗಿದೆಯೇ ನೋಡಿ. ಚಾಸಿ ಮೇಲೆ ಕೊರೆದ ನಂಬರನ್ನು ಬೆರಳಿನಿಂದ ಮುಟ್ಟಿ ಓದಿ.

ಧೂಳಿನ ಮಾತು ಮುಗಿಯಿತು. ಬಂಡಿಯ ಮೂಗು ಕಾಯಬೇಕು ಅನ್ನುವುದು ಅದರ ಸಾರ. ಎರಡನೆಯ ಶತ್ರು ವೇಗ.

ಇದನ್ನು ನಾನು ಕಳಕಳಿಯಿಂದ ಹೇಳುತ್ತೇನೆ. ಗಟ್ಟಿ ಬಂಡಿ ಅಂದರೆ ಭದ್ರ ಬಂಡಿ ಅಂತ ಬಹಳ ಜನ ತಿಳಿದಿದ್ದಾರೆ. ಎರಡೂ ಬೇರೆ. ಹಳೇ ಬೊಲೆರೊ ಎತ್ತರದ ಬಂಡಿ. ಅದರ ಭಾರ ಮೇಲಿದೆ. ಹಿಂದೆ ಪಟ್ಟಿಗಳಿವೆ. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ಅಗಲ ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ತಟ್ಟನೆ ತಿರುಗಿಸಿದರೆ ಅದು ವಾಲುತ್ತದೆ. ಹಳೆಯವುಗಳಲ್ಲಿ ಏರ್‌ಬ್ಯಾಗ್ ಇಲ್ಲ. ಹಿಂದೆ ಎದುರುಬದುರು ಕೂರುವ ಸೀಟಿನಲ್ಲಿ ಬೆಲ್ಟ್ ಇಲ್ಲ. ಹಂಪಿ ಉತ್ಸವಕ್ಕೋ ಮದುವೆಗೋ ಹೊರಟಾಗ ಅಲ್ಲಿ ಕೂರಿಸುವುದು ಮಕ್ಕಳನ್ನು. ದಯವಿಟ್ಟು ಮಕ್ಕಳನ್ನು ನಡುವಿನ ಸೀಟಿಗೆ ತನ್ನಿ. ಬಂಡಿಯನ್ನು ಎಪ್ಪತ್ತರ ಒಳಗೆ ಇಡಿ. ಎತ್ತನ್ನು ಕುದುರೆಯ ಪಂದ್ಯಕ್ಕೆ ಬಿಡಬಾರದು.

ಸಂಡೂರಿನ ಕುಮಾರಸ್ವಾಮಿ ಗುಡಿಯಿಂದ ಇಳಿಯುವಾಗ ಕೆಲವರು ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಎಂಜಿನ್ ಆರಿಸುತ್ತಾರೆ. ಬ್ರೇಕಿಗೆ ಬಲ ಕೊಡುವ ನಿರ್ವಾತ ಪಂಪು ಓಡುವುದು ಎಂಜಿನ್ನಿನಿಂದ. ಎಂಜಿನ್ ನಿಂತರೆ ಒಂದೆರಡು ಸಲ ಬ್ರೇಕ್ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಆಗ ಎಂಜಿನ್ನೇ ಬಂಡಿಯನ್ನು ಹಿಡಿದುಕೊಳ್ಳುತ್ತದೆ. ಅದರ ಸದ್ದು ಹೆಚ್ಚಾಗುತ್ತದೆ. ಹೆದರಬೇಡಿ, ಅದು ಹಿಡಿತದ ಸದ್ದು.

ಧೂಳಿನ ಮಾತಾಯಿತು, ವೇಗದ ಮಾತಾಯಿತು. ಇನ್ನು ಉಳಿದದ್ದು ನೀರು. ಅದಕ್ಕೆ ಕಂಪ್ಲಿಗೆ ಹೋಗಬೇಕು.

ಅಣೆಕಟ್ಟಿನ ಗೇಟು ಎತ್ತಿ ಲಕ್ಷಗಟ್ಟಲೆ ಕ್ಯೂಸೆಕ್ ಬಿಟ್ಟಾಗ ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆ ಮುಳುಗುವುದು ನಿಮಗೆ ಗೊತ್ತು. ಆ ನೀರಿಗೆ ಯಾವ ಬಂಡಿಯೂ ಇಳಿಯಬಾರದು. ನಾನು ಹೇಳುವುದು ಕಾಲುವೆ ತುಂಬಿ ಗದ್ದೆ ದಾರಿಯಲ್ಲಿ ನಿಲ್ಲುವ ಮೊಣಕಾಲುದ್ದದ ನೀರು. ಬಂಡಿಯ ಹೊಟ್ಟೆ ನೆಲದಿಂದ ಸುಮಾರು ಏಳು ಅಂಗುಲ. ಮೊಣಕಾಲು ನೀರು ಅದಕ್ಕಿಂತ ಬಹಳ ಎತ್ತರ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಚಾವಿ ಮುಟ್ಟಬೇಡಿ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಸಿಲಿಂಡರಿನೊಳಗೆ ನೀರಿದ್ದಾಗ ಸ್ಟಾರ್ಟ್ ಮಾಡಿದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಂಥ ಹೊತ್ತಿನಲ್ಲಿ ಮೌನವೂ ಬಂಡಿಯ ಮಾತೇ.

ನಾಲ್ಕೈದು ವರ್ಷದ ಹಿಂದೆ, ಶ್ರಾವಣದಲ್ಲಿ, ಕಂಪ್ಲಿ ಹತ್ತಿರದ ನಂಟರ ತೋಟಕ್ಕೆ ಹೋಗಿದ್ದೆ. ಬಾಳೆ ತೋಟದ ದಾರಿಯಲ್ಲಿ ನೀರು ನಿಂತಿತ್ತು. ಎಂಜಿನ್ ನಿಲ್ಲಲಿಲ್ಲ. ಒಂದನೇ ಗೇರಿನಲ್ಲಿ ದಾಟಿದೆ. ಗೆದ್ದೆ ಅಂದುಕೊಂಡೆ. ರಾತ್ರಿ ಅಲ್ಲೇ ಉಳಿದೆ. ಬೆಳಗ್ಗೆ ಚಾಚಾಗೆ ಫೋನ್ ಮಾಡಿ ವಿಷಯ ಹೇಳಿದೆ. “ಹಿಂದಿನ ಹೌಸಿಂಗ್ ಆಯಿಲ್ ನೋಡಿದ್ರಾ?” ಅಂದರು. ನೋಡಿರಲಿಲ್ಲ. “ಹಂಗೇ ಹೊರಡಬ್ಯಾಡ್ರಿ,” ಅಂದರು.

ಕಾರಣ ಹೀಗೆ. ಹಿಂದಿನ ಆಕ್ಸಲ್ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿದ ಒಂದು ಗುಂಡು ಇದೆ. ಅದೇ ಹೌಸಿಂಗ್. ಅದರೊಳಗೆ ಹಲ್ಲಿನ ಚಕ್ರಗಳು, ಗೇರ್ ಆಯಿಲ್‌ನಲ್ಲಿ ಮುಳುಗಿ ತಿರುಗುತ್ತವೆ. ಓಡಿದಾಗ ಅದು ಬಿಸಿಯಾಗುತ್ತದೆ. ಒಳಗಿನ ಗಾಳಿ ಹಿಗ್ಗುತ್ತದೆ. ತಟ್ಟನೆ ತಣ್ಣೀರಿಗೆ ಇಳಿದರೆ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದಲೂ ಉಸಿರಾಟದ ತೂತಿನಿಂದಲೂ ನೀರನ್ನು ಒಳಗೆಳೆಯುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ನೀರು ಬೆರೆತ ಆಯಿಲ್ ಹಲ್ಲುಗಳನ್ನು ಕಾಯುವುದಿಲ್ಲ. ಕೆಲವು ವಾರ ಕಳೆದ ಮೇಲೆ ಹಿಂದಿನಿಂದ ಗುಂಯ್ ಅನ್ನುವ ಕೂಗು ಶುರುವಾಗುತ್ತದೆ. ಕೂಗು ಬಂದ ಮೇಲೆ ಖರ್ಚು ದೊಡ್ಡದು.

ಕಂಪ್ಲಿಯ ಒಂದು ಗ್ಯಾರೇಜಿಗೆ ಮೆಲ್ಲಗೆ ಹೋದೆ. ಹುಡುಗ ಕೆಳಗೆ ನುಗ್ಗಿ ಬೋಲ್ಟ್ ಬಿಚ್ಚಿದ. ಜೇನಿನ ಬಣ್ಣದ ಆಯಿಲ್ ಬರಬೇಕಿತ್ತು. ಬಂದದ್ದು ಹಾಲು ಹೆಚ್ಚಾದ ಚಹಾದ ಬಣ್ಣದ್ದು. ಅವನು ಅದನ್ನು ಪೂರ್ತಿ ಇಳಿಸಿದ. ಒಂದಷ್ಟು ಹೊಸ ಆಯಿಲ್ ಹಾಕಿ, ಚಕ್ರ ತಿರುಗಿಸಿ, ಅದನ್ನೂ ಇಳಿಸಿದ. ಮತ್ತೆ ಹೊಸದು ತುಂಬಿದ. ಕೆಲವು ಲೀಟರ್ ಆಯಿಲ್, ಒಂದು ಗಂಟೆಯ ಕೆಲಸ. ನನ್ನನ್ನು ಕರೆದು ಬೋಲ್ಟಿನ ತುದಿ ತೋರಿಸಿದ. “ಅಣ್ಣಾ, ಕಬ್ಬಿಣದ ಚೂರು ಹತ್ತಿಲ್ಲ ನೋಡ್ರಿ. ಹಲ್ಲು ಚಲೋ ಅದಾವ,” ಅಂದ.

ಹೊಸಪೇಟೆ ಕಡೆ ಹೊರಟೆ. ಮಳೆ ನಿಂತಿತ್ತು. ರೇಡಿಯೊ ಆರಿಸಿದೆ. ಎರಡೂ ಕಡೆಯ ಗಾಜು ಇಳಿಸಿದೆ. ನಲವತ್ತರಲ್ಲಿ ಓಡಿಸಿದೆ, ಐವತ್ತಕ್ಕೆ ಏರಿಸಿದೆ, ಆಕ್ಸಲರೇಟರ್‌ನಿಂದ ಕಾಲು ತೆಗೆದು ಹಾಗೇ ಓಡಲು ಬಿಟ್ಟೆ. ಹಿಂದಿನ ಕೂಗು ಇದ್ದರೆ ಕಾಲು ತೆಗೆದಾಗಲೇ ಬದಲಾಗಿ ಕೇಳಿಸುತ್ತದೆ. ಗದ್ದೆಗಳಲ್ಲಿ ಕಪ್ಪೆಗಳು ಕೂಗುತ್ತಿದ್ದವು. ಎಂಜಿನ್ ತನ್ನ ಟಕಟಕ ಹೇಳುತ್ತಿತ್ತು. ಕಮಲಾಪುರದ ಕೆರೆಯ ಹತ್ತಿರ ಬರುವವರೆಗೂ ಕಿವಿಯನ್ನು ಹಿಂದಕ್ಕೇ ಇಟ್ಟಿದ್ದೆ. ಹಿಂದಿನಿಂದ ಯಾವ ಕೂಗೂ ಬರಲಿಲ್ಲ.